ತಾಯಿಗಿಡದ ಮಡಿಗೆ ಎಲ್‌ಇಡಿ ದೀಪ: ಎಷ್ಟು ವೋಲ್ಟ್, ಎಷ್ಟು ಕರೆಂಟು?

ಕಳೆದ ಡಿಸೆಂಬರ್ ಮೊದಲ ವಾರದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸೇವಂತಿಗೆ ಬೆಳೆಗಾರರೊಬ್ಬರು ನಮ್ಮ ವಿಭಾಗಕ್ಕೆ ಬಂದಿದ್ದರು. ಒಂದು ಕೈಯಲ್ಲಿ ಚೀಲದ ತುಂಬ ಸೇವಂತಿಗೆ ಕುಡಿಗಳು, ಇನ್ನೊಂದು ಕೈಯಲ್ಲಿ ಸುತ್ತಿಟ್ಟ ಎಲ್‌ಇಡಿ ಪಟ್ಟಿ. ಕುಡಿಗಳ ತುದಿಯಲ್ಲೆಲ್ಲ ಕಡಲೆಕಾಳಿನಷ್ಟು ಮೊಗ್ಗು ಕಟ್ಟಿತ್ತು. "ರಾತ್ರಿ ದೀಪ ಹಾಕಿದ್ದೆ ಸಾರ್, ಆದ್ರೂ ಮೊಗ್ಗು ಬಂತು. ಕುಡಿ ಕೊಡ್ತೀನಿ ಅಂತ ಮೂರು ಜನರ ಹತ್ರ ಮುಂಗಡ ತಗೊಂಡಿದೀನಿ" ಎಂದರು. ಅವರು ಒಪ್ಪಿಕೊಂಡಿದ್ದುದು ಎಂಟು ಸಾವಿರ ಕುಡಿ. ಮೊಗ್ಗು ಕಟ್ಟಿದ ಕುಡಿಯನ್ನು ನೆಟ್ಟರೆ ಗಿಡ ಬೆಳೆಯುವುದಿಲ್ಲ, ಗೇಣುದ್ದಕ್ಕೇ ಹೂಬಿಟ್ಟು ನಿಲ್ಲುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ.

ನಾನು ಬೇಸಾಯಶಾಸ್ತ್ರದವನು, ವಿದ್ಯುತ್ ಎಂಜಿನಿಯರ್ ಅಲ್ಲ. ಆದರೆ ಆ ಪಟ್ಟಿಯನ್ನು ಬಿಡಿಸಿ ನೋಡಿದಾಗ ದೋಷ ಗಿಡದಲ್ಲೂ ಇಲ್ಲ, ಗೊಬ್ಬರದಲ್ಲೂ ಇಲ್ಲ, ದೀಪಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಇದೆ ಎಂಬುದು ಸ್ಪಷ್ಟವಾಯಿತು. ಈಗ ಹೂ ಬೆಳೆಗಾರರು ಮಾತ್ರವಲ್ಲದೆ ಕೋಳಿ ಸಾಕಣೆದಾರರು, ಕೊಟ್ಟಿಗೆಗೆ ದೀಪ ಹಾಕುವವರು, ಕೀಟಗಳ ಬೆಳಕಿನ ಬಲೆ ಕಟ್ಟುವವರು ಎಲ್ಲರೂ ಈ ಪುಟ್ಟ ದೀಪಗಳನ್ನು ತಾವೇ ಜೋಡಿಸತೊಡಗಿದ್ದಾರೆ. ಆದ್ದರಿಂದ ಇವುಗಳ ವೋಲ್ಟ್ ಮತ್ತು ಕರೆಂಟಿನ ಲೆಕ್ಕವನ್ನು ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅಗತ್ಯ. ಕೂಡು, ಕಳೆ, ಭಾಗಿಸು ಬಂದರೆ ಸಾಕು.

ಬೆಳಕು ಏಕೆ ಬೇಕು?

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಬೆಳೆ. ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳಲ್ಲಿ ಹಗಲಿನ ಉದ್ದ 13 ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರಿನಲ್ಲಿ ಅದು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ತಂಬಾಕು, ಸೋಯಾ ಅವರೆ ಮುಂತಾದ ಬೆಳೆಗಳಲ್ಲಿ ತೋರಿಸಿಕೊಟ್ಟರು. ಗಿಡವು ನಿಜವಾಗಿ ಅಳೆಯುವುದು ಕತ್ತಲೆಯನ್ನು. ನಡುರಾತ್ರಿ ಮೂರು ನಾಲ್ಕು ಗಂಟೆ ಬೆಳಕು ಕೊಟ್ಟರೆ ಒಂದು ದೀರ್ಘ ರಾತ್ರಿ ಎರಡು ಕಿರು ರಾತ್ರಿಗಳಾಗಿ ಒಡೆಯುತ್ತದೆ, ಗಿಡ ಮೊಗ್ಗಿಗೆ ತಿರುಗದೆ ಎಲೆ ಕುಡಿಗಳನ್ನೇ ಬೆಳೆಸುತ್ತದೆ. ಕುಡಿ ತೆಗೆಯುವ ತಾಯಿಗಿಡಗಳಿಗೆ ಈ ಬೆಳಕು ಪ್ರತಿ ರಾತ್ರಿಯೂ ಬೇಕು. ಹಗಲಿನ ಬಿಸಿಲಿನಷ್ಟು ಪ್ರಖರವಾಗಿರಬೇಕಿಲ್ಲ. ಆದರೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಗಿಡದ ಲೆಕ್ಕದಲ್ಲಿ ಅದೂ ಕತ್ತಲೆಯೇ. ನಮ್ಮ ಬೆಳೆಗಾರರ ಮಡಿಯಲ್ಲಿ ಆದದ್ದು ಇದೇ: ಒಂದು ಮಡಿಯಲ್ಲಿ ದೀಪ ಸುಟ್ಟುಹೋಗಿತ್ತು, ಇನ್ನೊಂದರಲ್ಲಿ ಉರಿಯುತ್ತಿದ್ದರೂ ಬೆಳಕು ಸಾಲುತ್ತಿರಲಿಲ್ಲ.

ಎಸ್‌ಎಂಡಿ ಎಂದರೇನು?

ಹಿಂದಿನ ಎಲ್‌ಇಡಿಗಳಿಗೆ ಎರಡು ಉದ್ದನೆಯ ಕಾಲುಗಳಿರುತ್ತಿದ್ದವು. ಅವನ್ನು ಹಲಗೆಯ ರಂಧ್ರದಲ್ಲಿ ತೂರಿಸಿ ಹಿಂಬದಿಯಲ್ಲಿ ಬೆಸುಗೆ ಹಾಕಬೇಕಿತ್ತು. ಈಗ ಬರುವವು ಕಾಲಿಲ್ಲದ, ಹಲಗೆಯ ಮೇಲ್ಮೈಗೇ ಬೆಸುಗೆ ಹಾಕುವ ಚಪ್ಪಟೆ ಬಿಲ್ಲೆಗಳು. ಇವನ್ನೇ ಅಂಗಡಿಯಲ್ಲಿ ಎಸ್‌ಎಂಡಿ ಎನ್ನುತ್ತಾರೆ. ಮನೆಯ ಎಲ್‌ಇಡಿ ಬಲ್ಬಿನ ಬಿಳಿ ಮುಚ್ಚಳ ತೆಗೆದರೆ ಒಳಗೆ ಹಳದಿ ಕಣ್ಣುಗಳಂತೆ ಕಾಣುವುವು ಇವೇ.

ಇವುಗಳ ಹೆಸರು ಅಂಕಿಗಳಲ್ಲಿ ಇರುತ್ತದೆ: 3528, 2835, 5050, 5730. ಈ ಅಂಕಿ ಅಳತೆಯನ್ನು ಮಾತ್ರ ಹೇಳುತ್ತದೆ. 2835 ಎಂದರೆ 2.8 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಉದ್ದ. 5050 ಎಂದರೆ ನಾಲ್ಕು ಬದಿಯೂ 5 ಮಿಲಿಮೀಟರ್. ಎಷ್ಟು ಕರೆಂಟು ತಾಳುತ್ತದೆ ಎಂಬುದು ಅದರಲ್ಲಿ ಇಲ್ಲ. ಇಲ್ಲಿ ಮೋಸ ಹೋಗುವವರು ಬಹಳ. ಸಾಮಾನ್ಯವಾಗಿ 3528ಕ್ಕೆ 20 ಮಿಲಿಆಂಪಿಯರ್ ಕರೆಂಟು. 5050ರ ಒಳಗೆ ಮೂರು ಪ್ರತ್ಯೇಕ ಕಣಗಳಿದ್ದು ಒಂದೊಂದಕ್ಕೆ 20ರಂತೆ ಒಟ್ಟು 60. 2835 ಮಾತ್ರ ಒಂದೇ ಹೆಸರಿನಲ್ಲಿ ಹಲವು ಬಗೆಯಾಗಿ ಸಿಗುತ್ತದೆ: 60 ಮಿಲಿಆಂಪಿಯರಿನ 0.2 ವ್ಯಾಟಿನದು ಇದೆ, 150 ಮಿಲಿಆಂಪಿಯರಿನ ಅರ್ಧ ವ್ಯಾಟಿನದೂ ಇದೆ. ಒಳಗೇ ಎರಡು ಮೂರು ಕಣಗಳನ್ನು ಸರಣಿಯಲ್ಲಿ ಕೂಡಿಸಿ 6 ವೋಲ್ಟ್, 9 ವೋಲ್ಟ್ ಕೇಳುವವೂ ಇವೆ. ಹೊರಗಿನಿಂದ ನೋಡಿ ಇದನ್ನು ಹೇಳುವುದು ಕಷ್ಟ. ಕೊಳ್ಳುವಾಗ ತಯಾರಕರ ವಿವರಪಟ್ಟಿಯಲ್ಲಿ ವೋಲ್ಟ್ ಮತ್ತು ಮಿಲಿಆಂಪಿಯರ್ ಎರಡನ್ನೂ ಕೇಳಿ ಬರೆದುಕೊಳ್ಳಬೇಕು. ಒಂದು ಆಂಪಿಯರಿನ ಸಾವಿರದ ಒಂದು ಭಾಗವೇ ಮಿಲಿಆಂಪಿಯರ್.

ಒಂದು ಮಾತು. ನಮ್ಮ ಹಳ್ಳಿಗಳಲ್ಲಿ "ಕರೆಂಟು ಬಂತು, ಕರೆಂಟು ಹೋಯಿತು" ಎನ್ನುವಾಗ ಕರೆಂಟು ಎಂದರೆ ಒಟ್ಟಾರೆ ವಿದ್ಯುತ್ತು. ಈ ಲೇಖನದಲ್ಲಿ ಆ ಅರ್ಥ ಬೇಡ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ ಕರೆಂಟು. ಅದನ್ನು ತಳ್ಳುವ ಒತ್ತಡ ವೋಲ್ಟ್. ನೀರಿನ ಗ್ಯಾಲನ್ ಬೇರೆ, ಪಂಪಿನ ಒತ್ತಡ ಬೇರೆ ಎಂಬಂತೆ.

ಕೆರೆಯ ಕೋಡಿಯ ಹಾಗೆ

ಕೆರೆಯಲ್ಲಿ ನೀರು ಕೋಡಿಯ ಮಟ್ಟಕ್ಕೆ ಬರುವವರೆಗೆ ಆಚೆ ಒಂದು ಹನಿಯೂ ಹೋಗುವುದಿಲ್ಲ. ಮಟ್ಟ ದಾಟಿತೋ, ಬೆರಳಿನಷ್ಟು ಏರಿದರೂ ಕೋಡಿಯ ಉದ್ದಕ್ಕೂ ಹರಿವು ಭೋರ್ಗರೆಯುತ್ತದೆ. ಎಲ್‌ಇಡಿಯ ಸ್ವಭಾವ ಹೀಗೆಯೇ. ಅದಕ್ಕೊಂದು ಕೋಡಿ ವೋಲ್ಟ್ ಇದೆ. ಅದಕ್ಕಿಂತ ಕಡಿಮೆ ಕೊಟ್ಟರೆ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ, ದಾಟಿದ ಮೇಲೆ ಕರೆಂಟು ಒಮ್ಮೆಗೇ ಏರುತ್ತದೆ. ಈ ಕೋಡಿಯ ಎತ್ತರ ಬಣ್ಣವನ್ನು ಅನುಸರಿಸಿ ಬದಲಾಗುತ್ತದೆ.

ಕೆಂಪು: 1.8 ರಿಂದ 2.2 ವೋಲ್ಟ್
ಹಳದಿ: ಸುಮಾರು 2.0 ರಿಂದ 2.2 ವೋಲ್ಟ್
ನೀಲಿ: 3.0 ರಿಂದ 3.4 ವೋಲ್ಟ್
ಬಿಳಿ: 2.8 ರಿಂದ 3.4 ವೋಲ್ಟ್

ಬಣ್ಣಕ್ಕೂ ವೋಲ್ಟಿಗೂ ಏನು ಸಂಬಂಧ ಎಂದು ಕೇಳಬಹುದು. ಬೆಳಕಿನ ತರಂಗ ಕಿರಿದಾದಷ್ಟೂ ಅದರ ಒಂದೊಂದು ಕಣದಲ್ಲಿರುವ ಶಕ್ತಿ ಹೆಚ್ಚು. ಆ ಶಕ್ತಿಯನ್ನು ಒದಗಿಸಲು ಎಲೆಕ್ಟ್ರಾನನ್ನು ಹೆಚ್ಚು ಒತ್ತಡದಿಂದ ತಳ್ಳಬೇಕು. 1240ನ್ನು ನ್ಯಾನೊಮೀಟರಿನಲ್ಲಿ ಹೇಳಿದ ತರಂಗದ ಉದ್ದದಿಂದ ಭಾಗಿಸಿದರೆ ಅಂದಾಜು ವೋಲ್ಟ್ ಸಿಗುತ್ತದೆ. 660 ನ್ಯಾನೊಮೀಟರಿನ ಕೆಂಪಿಗೆ 1.88, 450ರ ನೀಲಿಗೆ 2.76. ಒಳಗಿನ ನಷ್ಟಗಳನ್ನು ಕೂಡಿದರೆ ಮೇಲಿನ ಪಟ್ಟಿಯ ಅಂಕಿಗಳಿಗೆ ಬರುತ್ತೇವೆ. ಬಿಳಿ ಎಲ್‌ಇಡಿ ನಿಜವಾಗಿ ನೀಲಿಯೇ. ಅದರ ಮೇಲೆ ಬಳಿದ ಹಳದಿ ಲೇಪ ಬೆಳಕನ್ನು ಬಿಳಿಯಾಗಿಸುತ್ತದೆ. ಆದ್ದರಿಂದಲೇ ಬಿಳಿಯದೂ ನೀಲಿಯದೂ ವೋಲ್ಟ್ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿದ್ದರೂ ಪ್ರಖರವಾದ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಕೋಡಿ ದಾಟಿದ ಮೇಲಿನ ಏರಿಕೆ ಎಷ್ಟು ಕಡಿದು ಎಂಬುದನ್ನು ಗಮನಿಸಬೇಕು. ಬಿಳಿ ಎಲ್‌ಇಡಿಗೆ 0.1 ಅಥವಾ 0.2 ವೋಲ್ಟ್ ಹೆಚ್ಚಿಗೆ ಕೊಟ್ಟರೆ ಕರೆಂಟು ದುಪ್ಪಟ್ಟಾಗಬಹುದು. ಹಳೆಯ ತಂತಿ ಬಲ್ಬಿನಲ್ಲಿ ಹೀಗಿರಲಿಲ್ಲ. ಅದರ ತಂತಿ ಕಾದಷ್ಟೂ ಹರಿವಿಗೆ ತಡೆ ಹೆಚ್ಚಾಗಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಎಲ್‌ಇಡಿಯದು ತದ್ವಿರುದ್ಧ. ಕಾವು ಒಂದು ಡಿಗ್ರಿ ಏರಿದರೆ ಅದರ ಕೋಡಿ ಸುಮಾರು 2 ಮಿಲಿವೋಲ್ಟ್ ಅಥವಾ ಇನ್ನೂ ಸ್ವಲ್ಪ ಹೆಚ್ಚು ತಗ್ಗುತ್ತದೆ. ತಗ್ಗಿದರೆ ಕರೆಂಟು ಹೆಚ್ಚು, ಕರೆಂಟು ಹೆಚ್ಚಿದರೆ ಕಾವು ಹೆಚ್ಚು, ಕಾವು ಹೆಚ್ಚಿದರೆ ಕೋಡಿ ಮತ್ತೂ ತಗ್ಗು. ಹೀಗೆ ಸುತ್ತಿ ಸುತ್ತಿ ಕೊನೆಗೆ ಸುಡುತ್ತದೆ. ಆದ್ದರಿಂದ ಎಲ್‌ಇಡಿಗೆ ಇಷ್ಟು ವೋಲ್ಟ್ ಕೊಟ್ಟೆ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಹರಿಯುವ ಕರೆಂಟನ್ನು ಹಿಡಿದಿಡಲೇಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಬೀಜ ಮೊಳಕೆಯ ಪೆಟ್ಟಿಗೆಗೆಂದು ಹತ್ತು ಬಿಳಿ ಎಲ್‌ಇಡಿಗಳನ್ನು ಪಕ್ಕಪಕ್ಕದಲ್ಲಿ ಸಮಾಂತರವಾಗಿ ಬೆಸೆದು, ಎಲ್ಲಕ್ಕೂ ಸೇರಿ ಒಂದೇ ರೋಧಕ ಹಾಕಿದ್ದೆ. ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಹತ್ತೂ ಒಂದೇ ಅಚ್ಚಿನಲ್ಲಿ ತಯಾರಾದರೂ ಕೋಡಿ ಒಂದೊಂದರದು ಕೂದಲೆಳೆಯಷ್ಟು ಬೇರೆ. ತಗ್ಗು ಕೋಡಿಯದು ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡು ಮೂರನೆಯ ದಿನ ಸತ್ತಿತು. ಅದರ ಪಾಲು ಉಳಿದ ಒಂಬತ್ತರ ಮೇಲೆ ಬಿತ್ತು. ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆಯೂ ಕತ್ತಲೆ, ನನ್ನ ಪ್ರಯೋಗವೂ ಕತ್ತಲೆ. ಹನಿ ನೀರಾವರಿಯಲ್ಲಿ ಗಿಡಕ್ಕೊಂದು ಡ್ರಿಪ್ಪರ್ ಇಡುತ್ತೇವೆಯೇ ಹೊರತು, ಪೈಪಿನ ಬಾಯಿಗೆ ಒಂದು ಗೇಟ್‌ವಾಲ್ವ್ ಇಟ್ಟು ಎಲ್ಲ ಗಿಡಕ್ಕೂ ಸಮನಾಗಿ ಹೋಗುತ್ತದೆ ಎಂದು ಸುಮ್ಮನಿರುವುದಿಲ್ಲ. ಎಲ್‌ಇಡಿಯ ಪ್ರತಿ ಸಾಲಿಗೂ ಅದರದೇ ರೋಧಕ ಇರಬೇಕು.

ರೋಧಕದ ಲೆಕ್ಕ

ರೋಧಕ ಎಂದರೆ ಕರೆಂಟಿನ ಹರಿವನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ. ಅಂಗಡಿಯಲ್ಲಿ ರೆಸಿಸ್ಟರ್ ಎಂದು ಕೇಳಬೇಕು. ಅದರ ಅಳತೆ ಓಮ್. ಲೆಕ್ಕ ಹೀಗೆ: ಕೊಡುವ ವೋಲ್ಟಿನಲ್ಲಿ ಎಲ್‌ಇಡಿಗಳು ತೆಗೆದುಕೊಳ್ಳುವ ವೋಲ್ಟನ್ನು ಕಳೆಯಿರಿ, ಉಳಿದುದನ್ನು ಬೇಕಾದ ಆಂಪಿಯರಿನಿಂದ ಭಾಗಿಸಿರಿ.

12 ವೋಲ್ಟಿನ ಬ್ಯಾಟರಿಗೆ ಮೂರು ಬಿಳಿ ಎಲ್‌ಇಡಿಗಳನ್ನು ಒಂದರ ಬಾಲಕ್ಕೆ ಒಂದರಂತೆ ಸರಣಿಯಲ್ಲಿ ಜೋಡಿಸಿದ್ದೇವೆ ಎನ್ನೋಣ. ಒಂದಕ್ಕೆ 3.2ರಂತೆ ಮೂರಕ್ಕೆ 9.6 ವೋಲ್ಟ್. ಉಳಿದುದು 2.4. ಬೇಕಾದ ಕರೆಂಟು 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್. 2.4ನ್ನು 0.02ರಿಂದ ಭಾಗಿಸಿದರೆ 120 ಓಮ್. ಸರಣಿಯಲ್ಲಿ ಮೂರಕ್ಕೂ ಹರಿಯುವ ಕರೆಂಟು ಒಂದೇ ಆದುದರಿಂದ ಮೂರಕ್ಕೂ ಸೇರಿ ಒಂದೇ ರೋಧಕ ಸಾಕು. ನಾಲ್ಕು ಎಲ್‌ಇಡಿ ಹಾಕುವಂತಿಲ್ಲ. ನಾಲ್ಕರ ಕೋಡಿ 12.8 ಆಗಿ ಬ್ಯಾಟರಿಯನ್ನೇ ಮೀರುತ್ತದೆ. ಕೆಂಪಾದರೆ ಒಂದಕ್ಕೆ 2 ವೋಲ್ಟಿನಂತೆ ಐದನ್ನು ಒಂದು ಸಾಲಿನಲ್ಲಿ ಕೂಡಿಸಬಹುದು. ರಾತ್ರಿ ಮುರಿಯುವ ಕೆಲಸಕ್ಕೆ 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕೇ ಗಿಡಕ್ಕೆ ಹೆಚ್ಚು ನಾಟುವುದು, ಏಕೆಂದರೆ ಕತ್ತಲೆಯನ್ನು ಅಳೆಯುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಆ ಬೆಳಕನ್ನೇ ಹೀರುತ್ತದೆ. ಆದ್ದರಿಂದ ಹೊಸದಾಗಿ ಮಾಡಿಸುವವರು ಕೆಂಪನ್ನು ಯೋಚಿಸಬಹುದು. ಹಾಗೆಂದು ಬಿಳಿಯಲ್ಲಿ ಕೆಲಸ ಆಗದು ಎಂದಲ್ಲ. ಅದರಲ್ಲೂ ಕೆಂಪಿನ ಅಂಶ ಇದೆ, ಹಳದಿ ಛಾಯೆಯ ಬಿಳಿಯಲ್ಲಿ ಇನ್ನೂ ಹೆಚ್ಚು.

ಮೇಲಿನ 120 ಓಮಿನ ಲೆಕ್ಕದಲ್ಲಿ ಒಂದು ಹಳ್ಳ ಇದೆ. 12 ವೋಲ್ಟಿನ ಬ್ಯಾಟರಿ ಎಂದೂ ಸರಿಯಾಗಿ 12 ವೋಲ್ಟಿನಲ್ಲಿ ನಿಲ್ಲುವುದಿಲ್ಲ. ತುಂಬಿದ ಸೀಸ ಆಮ್ಲದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.7, ಚಾರ್ಜ್ ಆಗುತ್ತಿರುವಾಗ 14.4ರವರೆಗೂ ಏರುತ್ತದೆ. 14.4ರಲ್ಲಿ 9.6 ಕಳೆದರೆ 4.8. ಇದನ್ನು 120ರಿಂದ ಭಾಗಿಸಿದರೆ 40 ಮಿಲಿಆಂಪಿಯರ್. ವೋಲ್ಟ್ ಏರಿದ್ದು ನೂರಕ್ಕೆ 20ರಷ್ಟು, ಕರೆಂಟು ಏರಿದ್ದು ಎರಡರಷ್ಟು. ಆದ್ದರಿಂದ ಬ್ಯಾಟರಿಯ ದೀಪಕ್ಕೆ ಲೆಕ್ಕವನ್ನು ಯಾವಾಗಲೂ 14.4ಕ್ಕೇ ಹಾಕಬೇಕು. 4.8ನ್ನು 0.02ರಿಂದ ಭಾಗಿಸಿದರೆ 240 ಓಮ್. ಅದು ಸಿಗದಿದ್ದರೆ ಅದರ ಮುಂದಿನದು 270 ಓಮ್. ಹಿಂದಿನದು 220 ಬೇಡ. ರೋಧಕದಲ್ಲಿ ಕಾವಾಗಿ ಹೋಗುವ ಶಕ್ತಿ 4.8 ಗುಣಿಸು 0.02, ಅಂದರೆ 0.1 ವ್ಯಾಟಿಗೂ ಕಡಿಮೆ. ಕಾಲು ವ್ಯಾಟಿನ ರೋಧಕ ಧಾರಾಳವಾಯಿತು. ಹೀಗೆ ಮಾಡಿದರೆ ಬ್ಯಾಟರಿ ಸುಮ್ಮನಿದ್ದಾಗ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಎರಡು ಸಾಲು ಹೆಚ್ಚಿಗೆ ಹಾಕಿ ಅದನ್ನು ತುಂಬಿಕೊಳ್ಳುವುದು ಸುಟ್ಟ ದೀಪ ಬದಲಿಸುವುದಕ್ಕಿಂತ ಅಗ್ಗ.

ಆ ಎರಡು ಮಡಿಗಳಲ್ಲಿ ಆದದ್ದು

ನಮ್ಮ ಬೆಳೆಗಾರರದು ತಲಾ ಒಂದು ಮೀಟರ್ ಅಗಲ, 12 ಮೀಟರ್ ಉದ್ದದ ಎರಡು ಮಡಿಗಳು. ಒಂದು ಪಂಪ್‌ಮನೆಗೆ ಅಂಟಿಕೊಂಡಿದೆ, ಇನ್ನೊಂದು 40 ಮೀಟರ್ ಆಚೆ. ಪಂಪ್‌ಮನೆಯಲ್ಲಿ ಬ್ಯಾಟರಿ. ಮಡಿಗೊಂದರಂತೆ ಐದು ಮೀಟರಿನ, 300 ಎಲ್‌ಇಡಿಗಳ ಬಿಳಿ 3528 ಪಟ್ಟಿಯನ್ನು ತುಂಡು ಮಾಡಿ ಕೋಲುಗಳ ಮೇಲೆ ಕಟ್ಟಿದ್ದರು. ಅಂಗಡಿಯ ಪಟ್ಟಿಯಲ್ಲಿ ಮೂರು ಎಲ್‌ಇಡಿ, ಒಂದು ರೋಧಕ ಸೇರಿ ಒಂದು ಘಟಕ. ಕತ್ತರಿ ಗುರುತು ಇರುವುದು ಎರಡು ಘಟಕಗಳ ನಡುವೆ. ಬೇರೆಡೆ ಕತ್ತರಿಸಿದರೆ ಆ ಘಟಕ ಉರಿಯುವುದಿಲ್ಲ. ಹೀಗೆ ಒಂದು ಸುರುಳಿಯಲ್ಲಿ ನೂರು ಘಟಕ. ಅವರ ಪಟ್ಟಿಯ ರೋಧಕದ ಮೇಲೆ 151 ಎಂದು ಅಚ್ಚಾಗಿತ್ತು. ಮೊದಲ ಎರಡು ಅಂಕಿ 15, ಮೂರನೆಯದು ಮುಂದೆ ಹಾಕಬೇಕಾದ ಸೊನ್ನೆಗಳ ಸಂಖ್ಯೆ. ಅಂದರೆ 150 ಓಮ್. ಬ್ಯಾಟರಿ 12.5 ವೋಲ್ಟಿನಲ್ಲಿರುವಾಗ 2.9 ಭಾಗಿಸು 150, ಅಂದರೆ 19 ಮಿಲಿಆಂಪಿಯರ್. ಅಲ್ಲಿಗೆ ಸರಿಯಾಗಿದೆ.

ಆದರೆ ಆ ತಿಂಗಳು ಆ ಊರಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಬ್ಯಾಟರಿಗೆ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದರು. ದೀಪ ಉರಿಯುವುದು ರಾತ್ರಿ 11ರಿಂದ 2ರವರೆಗೆ, ಚಾರ್ಜ್ ಆಗುವುದೂ ಅದೇ ಹೊತ್ತು. ನಾವು ಹೋಗಿ ಮೀಟರ್ ಇಟ್ಟು ನೋಡಿದಾಗ ಚಾರ್ಜರ್ ನಡೆಯುವಾಗ 15 ವೋಲ್ಟ್ ತೋರಿಸಿತು. 5.4 ಭಾಗಿಸು 150, ಅಂದರೆ 36 ಮಿಲಿಆಂಪಿಯರ್. 20ರ ಎಲ್‌ಇಡಿಗೆ 36! ಮೇಲಾಗಿ ಇಬ್ಬನಿ ತಾಗದಿರಲೆಂದು ಪಟ್ಟಿಯನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿದ್ದರಿಂದ ಕಾವು ಹೊರಹೋಗಲು ದಾರಿಯೇ ಇರಲಿಲ್ಲ. ಹಳದಿ ಕಣ್ಣಿನ ನಡುವೆ ಕಪ್ಪು ಚುಕ್ಕೆ ಬಿದ್ದಿತ್ತು. ಕೆಲವು ಘಟಕಗಳು ಪೂರ್ತಿ ಆರಿದ್ದವು. ಮೂರರಲ್ಲಿ ಒಂದು ಎಲ್‌ಇಡಿ ಒಳಗೇ ಕೂಡಿಕೊಂಡು ಕೆಟ್ಟರೆ ಉಳಿದ ಎರಡರ ಕೋಡಿ 6.4 ಮಾತ್ರ. ಆಗ ಲೆಕ್ಕದಂತೆ 57 ಮಿಲಿಆಂಪಿಯರ್ ಹರಿದು ಅವೂ ಬೇಗ ಹೋಗುತ್ತವೆ. ಪಂಪ್‌ಮನೆ ಪಕ್ಕದ ಮಡಿಯ ಕಥೆ ಇದು.

ದೂರದ ಮಡಿಯಲ್ಲಿ ಒಂದೂ ಸುಟ್ಟಿರಲಿಲ್ಲ. ಹಾಗಾದರೆ ಅಲ್ಲಿ ಮೊಗ್ಗು ಏಕೆ ಬಂತು? ಅಲ್ಲಿಗೆ ಎಳೆದಿದ್ದುದು ಅರ್ಧ ಚದರ ಮಿಲಿಮೀಟರಿನ ಸಣ್ಣ ಜೋಡಿ ತಂತಿ. ಹೋಗುವುದು 40 ಮೀಟರ್, ಬರುವುದು 40 ಮೀಟರ್, ಒಟ್ಟು 80 ಮೀಟರ್ ತಾಮ್ರ. ಅದರ ತಡೆಯೇ ಸುಮಾರು 2.75 ಓಮ್. ಚಾರ್ಜರ್ ತೆಗೆದು ನೋಡಿದಾಗ ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದರೆ ಮಡಿಯಲ್ಲಿ 10.6 ಇತ್ತು. ದಾರಿಯಲ್ಲೇ 1.9 ವೋಲ್ಟ್ ನಷ್ಟ. 10.6ರಲ್ಲಿ 9.6 ಕಳೆದರೆ ಉಳಿಯುವುದು 1; ಅದನ್ನು 150ರಿಂದ ಭಾಗಿಸಿದರೆ 7 ಮಿಲಿಆಂಪಿಯರಿಗೂ ಕಡಿಮೆ. ಬೆಳಕು ಹೆಚ್ಚುಕಡಿಮೆ ಕರೆಂಟಿಗೆ ತಕ್ಕಂತೆ ಇಳಿಯುವುದರಿಂದ ಸಿಗಬೇಕಾದದ್ದರ ಮೂರನೆಯ ಒಂದು ಪಾಲು ಮಾತ್ರ ಸಿಕ್ಕಿತ್ತು. ನಮ್ಮ ಕಣ್ಣಿಗೆ ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಏಕೆಂದರೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತದೆ. ಗಿಡಕ್ಕೆ ಅಂಥ ದಾಕ್ಷಿಣ್ಯ ಇಲ್ಲ. 230 ವೋಲ್ಟಿನ ತಂತಿಯಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ; 12 ವೋಲ್ಟಿನಲ್ಲಿ ಹೋದರೆ ಬೆಳೆಯೇ ಹೋಗುತ್ತದೆ.

ಕತ್ತರಿಸದೆ ಕರೆಂಟು ಅಳೆಯುವುದು

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದು ಇದ್ದರೆ ಇದೆಲ್ಲವನ್ನೂ ಮೊದಲ ರಾತ್ರಿಯೇ ತಿಳಿಯಬಹುದಿತ್ತು. ಕರೆಂಟು ಅಳೆಯಲು ತಂತಿ ಕತ್ತರಿಸಿ ಮೀಟರನ್ನು ನಡುವೆ ಸೇರಿಸಬೇಕು ಎಂದು ಪುಸ್ತಕಗಳಲ್ಲಿ ಇರುತ್ತದೆ. ಹೊಲದಲ್ಲಿ ಅದು ರಗಳೆ. ಮೀಟರಿನ ಫ್ಯೂಸು ಸುಡುವುದೂ ಉಂಟು. ಇದಕ್ಕಿಂತ ಸುಲಭವಾದ ದಾರಿ ಇದೆ. ಪಟ್ಟಿ ಉರಿಯುತ್ತಿರುವಾಗ ಒಂದು ಘಟಕದ ರೋಧಕದ ಎರಡು ತುದಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ ನೇರ ವಿದ್ಯುತ್ತಿನ ವೋಲ್ಟ್ ಓದಿರಿ. ಅದನ್ನು ಓಮಿನಿಂದ ಭಾಗಿಸಿದರೆ ಆ ಘಟಕದ ಕರೆಂಟು. 150 ಓಮಿನ ಮೇಲೆ 3 ವೋಲ್ಟ್ ತೋರಿದರೆ 20 ಮಿಲಿಆಂಪಿಯರ್. ಅಂದರೆ ಅವರ ಪಟ್ಟಿಯಲ್ಲಿ ಆ ಅಂಕಿ 3 ದಾಟಬಾರದು, 2ಕ್ಕಿಂತ ಬಹಳ ಕೆಳಗೂ ಹೋಗಬಾರದು. ಎಲ್‌ಇಡಿ ಲೆಕ್ಕ ತಪ್ಪಿದರೂ ಈ ಅಳತೆ ತಪ್ಪುವುದಿಲ್ಲ. ಬ್ಯಾಟರಿ ತುಂಬಿದಾಗ ಒಮ್ಮೆ, ಚಾರ್ಜರ್ ನಡೆಯುವಾಗ ಒಮ್ಮೆ, ಸಾಲಿನ ಕೊನೆಯ ತುಂಡಿನಲ್ಲಿ ಒಮ್ಮೆ, ಹೀಗೆ ಮೂರು ಸಲ ನೋಡಬೇಕು.

ಬಿಡಿ ಎಲ್‌ಇಡಿಯಾದರೆ ಧನ, ಋಣ ತುದಿ ತಿಳಿಯಲು ಮೂಲೆಯ ಕಚ್ಚು ಅಥವಾ ಹಸಿರು ಗುರುತು ಸಾಮಾನ್ಯವಾಗಿ ಋಣದ ಕಡೆ ಇರುತ್ತದೆ. ಎಲ್ಲ ತಯಾರಕರೂ ಒಂದೇ ಪದ್ಧತಿ ಅನುಸರಿಸುವುದಿಲ್ಲವಾದುದರಿಂದ ಮೀಟರಿನ ಡಯೋಡ್ ಸ್ಥಾನದಲ್ಲಿ ಇಟ್ಟು ಮಿಣುಕಿಸಿ ನೋಡುವುದೇ ನಂಬಿಕೆಯ ದಾರಿ. ತಿರುಗುಮುರುಗಾಗಿ ಜೋಡಿಸಿದರೆ ಉರಿಯುವುದಿಲ್ಲ. ಹೆಚ್ಚಿನವು ಹಿಮ್ಮುಖವಾಗಿ ತಾಳುವುದು 5 ವೋಲ್ಟ್ ಮಾತ್ರ. ಬೆಸುಗೆ ಹಾಕುವಾಗ ಕಾದ ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ.

ದೊಡ್ಡ ತಾಕಿಗೆ

ಮೇಲಿನದೆಲ್ಲ ಎರಡು ಮಡಿಗೆ ಸಾಕು. ಎಕರೆಗಟ್ಟಲೆ ಹೂವಿನ ಬೆಳೆಗೆ ಪಟ್ಟಿ ಕಟ್ಟುತ್ತೇನೆಂದು ಹೊರಡುವವರಿಗೆ ನನ್ನ ಸಲಹೆ ಬೇಡ ಎಂದೇ. ಅಲ್ಲಿ 230 ವೋಲ್ಟಿನ ಎಲ್‌ಇಡಿ ಬಲ್ಬುಗಳೇ ಲೇಸು. ಒಳ್ಳೆಯ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸಲಕರಣೆ ಇರುತ್ತದೆ. ಇದರ ಕೆಲಸ ಒತ್ತಡ ಸರಿದೂಗಿಸುವ ಡ್ರಿಪ್ಪರಿನದೇ: ಪೈಪಿನಲ್ಲಿ ಒತ್ತಡ ಏರಲಿ ಇಳಿಯಲಿ, ಗಂಟೆಗೆ ನಾಲ್ಕು ಲೀಟರ್ ಎಂದರೆ ನಾಲ್ಕೇ ಲೀಟರ್. ಹಾಗೆಯೇ ಡ್ರೈವರ್ ವೋಲ್ಟ್ ಏರಿಳಿದರೂ ಎಲ್‌ಇಡಿಗಳಿಗೆ ನಿಗದಿಯಾದ ಮಿಲಿಆಂಪಿಯರನ್ನೇ ಬಿಡುತ್ತದೆ. ನಮ್ಮ ಹಳ್ಳಿಯ ಮಾರ್ಗಗಳಲ್ಲಿ ವೋಲ್ಟ್ ಎಷ್ಟು ಕುಣಿಯುತ್ತದೆ ಎಂಬುದು ಓದುಗರಿಗೆ ಹೇಳಬೇಕಿಲ್ಲ. ತೀರ ಅಗ್ಗದ ಬಲ್ಬುಗಳಲ್ಲಿ ಈ ಡ್ರೈವರ್ ಬಡಕಲಾಗಿದ್ದು, ಎಲ್‌ಇಡಿಗಳು ಚೆನ್ನಾಗಿರುವಾಗಲೇ ಅದು ಕೈಕೊಡುವುದುಂಟು. ಬ್ಯಾಟರಿಗೂ ಇಂಥ ಡ್ರೈವರುಗಳು ಸಿಗುತ್ತವೆ.

ಆದರೆ 230 ವೋಲ್ಟನ್ನು ಒದ್ದೆ ಹೊಲಕ್ಕೆ ಒಯ್ಯುವಾಗ ಎಚ್ಚರ ತಪ್ಪಬಾರದು. ನೇರವಾಗಿ 230 ವೋಲ್ಟಿಗೆ ಸಿಕ್ಕಿಸುವ ಎಲ್‌ಇಡಿ ಪಟ್ಟಿಗಳೂ ಪೇಟೆಯಲ್ಲಿವೆ. ಅವುಗಳ ಒಂದು ತುಂಡು ಸೀಳಿದರೂ ಮುಟ್ಟಿದವರಿಗೆ ಪೂರ್ತಿ ಮಾರ್ಗದ ಹೊಡೆತ. ಇಂಥವನ್ನು ಮಡಿಯ ಮೇಲೆ ಕಟ್ಟಲೇಬಾರದು. ಬಲ್ಬುಗಳ ಮಾರ್ಗಕ್ಕೆ ನೀರು ಒಳನುಗ್ಗದ ಹೋಲ್ಡರು, ಸೋರಿಕೆಯಾದ ಕೂಡಲೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ. ಒಂದು ಎಲ್‌ಇಡಿಗೆ ಮುದ್ದಾಗಿ ಕೊಡುವ ಆ 30, 40 ಮಿಲಿಆಂಪಿಯರ್ ಕರೆಂಟೇ ಮನುಷ್ಯನ ಎದೆಯ ಮೂಲಕ ಹರಿದರೆ ಪ್ರಾಣಾಪಾಯ.

ಮುಂದೇನಾಯಿತು?

ಬೆಳೆಗಾರರು ನಮ್ಮ ಮಾತಿನಂತೆ ಮೊದಲು ಚಾರ್ಜರಿಗೂ ದೀಪಕ್ಕೂ ನಡುವೆ ಒಂದು ಎರಡು ದಾರಿಯ ಸ್ವಿಚ್ಚು ಹಾಕಿಸಿದರು. ದೀಪ ಉರಿಯುವಾಗ ಚಾರ್ಜರ್ ಬ್ಯಾಟರಿಯಿಂದ ಬೇರೆಯಾಗಿರುತ್ತದೆ. ಸುಟ್ಟ ಪಟ್ಟಿ ಬದಲಿಸಿ, ಕೊಳವೆಗೆ ಬದಲು ಮೇಲೆ ತಗಡಿನ ಸಣ್ಣ ಮಾಡು ಕಟ್ಟಿದರು. ದೂರದ ಮಡಿಗೆ 2.5 ಚದರ ಮಿಲಿಮೀಟರಿನ ತಂತಿ ಎಳೆದರು. 80 ಮೀಟರಿಗೆ ಅದರ ತಡೆ ಸುಮಾರು 0.55 ಓಮ್ ಮಾತ್ರ. ಆ ರಾತ್ರಿ ಮಡಿಯಲ್ಲಿ 11.7 ವೋಲ್ಟ್ ಇತ್ತು, ರೋಧಕದ ಮೇಲೆ 2.1 ವೋಲ್ಟ್, ಅಂದರೆ 14 ಮಿಲಿಆಂಪಿಯರ್.

ಮೊಗ್ಗು ಕಟ್ಟಿದ ಕುಡಿಗಳನ್ನೆಲ್ಲ ನಾಲ್ಕೈದು ಎಲೆ ಉಳಿಯುವಂತೆ ಚಿವುಟಿಸಿದೆವು. ದೀಪದಡಿಯಲ್ಲಿ ಕೆಳಗಿನ ಕಂಕುಳ ಮೊಗ್ಗುಗಳು ಎಲೆಕುಡಿಗಳಾಗಿಯೇ ಒಡೆದವು. ಜನವರಿ ಕೊನೆಯ ಹೊತ್ತಿಗೆ ಮೊದಲ ಕುಡಿ ಕೊಯ್ಲು ಸಿಕ್ಕಿತು, ಎಂಟು ಸಾವಿರಕ್ಕೆ ಮೂರು ಸಾವಿರ. ಮುಂಗಡ ಕೊಟ್ಟ ಮೂವರಲ್ಲಿ ಇಬ್ಬರು ಕಾದರು, ಒಬ್ಬರಿಗೆ ಹಣ ಹಿಂದಿರುಗಿಸಬೇಕಾಯಿತು. ಮೀಟರನ್ನು ಈಗ ಅವರು ಪಂಪ್‌ಮನೆಯ ಮೊಳೆಗೆ ತೂಗುಹಾಕಿದ್ದಾರೆ.